ಗಾಳಿ ಸೋರಿದ ಬಸ್ಸು, ಏನೂ ನಡೆಯದ ಊರು

ದೂರಪ್ರಯಾಣದ ಬಸ್ಸು ದಾರಿಯಲ್ಲಿ ನಿಂತುಬಿಡಲು ಎಂಜಿನ್ನೇ ಕೆಡಬೇಕೆಂದಿಲ್ಲ ಎಂಬುದು, ಏನೊಂದೂ ನಡೆಯದ ಮೂಲೆಯ ಊರಿನಲ್ಲಿ ಇಡೀ ಮಧ್ಯಾಹ್ನ ಕಳೆಯಬೇಕಾಗಿ ಬಂದಾಗ ನನಗೆ ತಿಳಿಯಿತು. ನಮ್ಮ ಬಸ್ಸಿನ ಏರ್ ಬ್ರೇಕಿನ ಕೊಳವೆಯೊಂದು ಸೋರುತ್ತಿತ್ತು. ಇಂತಹ ವಾಹನಗಳಲ್ಲಿ ಪಾರ್ಕಿಂಗ್ ಬ್ರೇಕನ್ನು ಬಿಗಿಹಿಡಿಯುವುದು ಬಲವಾದ ಸ್ಪ್ರಿಂಗು. ಅದನ್ನು ಹಿಂದಕ್ಕೊತ್ತಿ ಚಕ್ರಗಳನ್ನು ಸಡಿಲಿಸುವುದು ಟ್ಯಾಂಕಿನಲ್ಲಿರುವ ಗಾಳಿಯ ಒತ್ತಡ. ಹೀಗಾಗಿ ಒತ್ತಡ ತೀರಾ ಇಳಿದರೆ ಸ್ಪ್ರಿಂಗು ತಾನಾಗಿಯೇ ಚಕ್ರಗಳನ್ನು ಹಿಡಿದುಬಿಡುತ್ತದೆ, ಎಂಜಿನ್ ಎಷ್ಟೇ ಗುಡುಗಿದರೂ ಬಸ್ಸು ಕದಲುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಇದು ಅತ್ಯುತ್ತಮ ಏರ್ಪಾಡು. ಬೇಸರದ ವಿಷಯ ಬೇರೆ. ಊರಂತೂ ಒಂದು ಸುತ್ತು ಬರುವಷ್ಟರಲ್ಲಿ ಮುಗಿದುಹೋಯಿತು. ಸಹಪ್ರಯಾಣಿಕರು ಚಾಲಕರನ್ನು ಬೈಯುತ್ತಿದ್ದುದು ನನಗೆ ಅನ್ಯಾಯವೆನಿಸಿತು. ಟಿಕೆಟನ್ನು ಜೋಪಾನವಾಗಿಟ್ಟುಕೊಂಡು, ಬದಲಿ ಬಸ್ಸಿನಲ್ಲಿಯೂ ಅದು ನಡೆಯುತ್ತದೆಯೇ ಎಂದು ನಿರ್ವಾಹಕರಲ್ಲಿ ಮೊದಲೇ ಕೇಳಿಕೊಂಡವರಿಗೆ, ಸಂಜೆ ಬಂದ ಇನ್ನೊಂದು ಬಸ್ಸಿನಲ್ಲಿ ವಾದವಿಲ್ಲದೆ ಜಾಗ ಸಿಕ್ಕಿತು.