ಅಗಸಿ ಹಿಂಡಿ, ಉಪ್ಪಿನ ಡಬ್ಬಿ ಮತ್ತು ಥೈರಾಯ್ಡ್

‘ಥೈರಾಯ್ಡ್ ಐತಿ ಅಂದ್ರ ಸೋಯಾ ಬಿಡಬೇಕಂತ, ಕ್ಯಾಬೀಜ ಬಿಡಬೇಕಂತ, ಅಗಸಿನೂ ಬಿಡಬೇಕಂತ, ಖರೇನ ಅಕ್ಕಾ?’ ಹುಬ್ಬಳ್ಳಿ-ಧಾರವಾಡದ ಕಡೆ ಈ ಪ್ರಶ್ನೆ ಕೇಳದ ಓಣಿ ಇಲ್ಲ. ಅದೇ ಓಣಿಯ ವಾಟ್ಸಾಪ್ ಗುಂಪಿನಲ್ಲಿ ‘ಅಗಸಿ ತಿಂದರೆ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ’ ಎಂಬ ಸಂದೇಶವೂ ಓಡಾಡುತ್ತಿರುತ್ತದೆ. ಎರಡಕ್ಕೂ ಆಧಾರ ಒಂದಿಷ್ಟು ನಿಜವಾದ ಸಂಶೋಧನೆಯೇ. ಆದರೆ ಎರಡೂ ಕಡೆಯವರು ಅದನ್ನು ಅರ್ಧಕ್ಕೇ ಓದಿ ಬಿಟ್ಟಿದ್ದಾರೆ.

ಥೈರಾಯ್ಡ್ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಹಾಗಾಗಿ ಈಸ್ಟ್ರೋಜನ್ ಹಾರ್ಮೋನಿನ ಮೇಲೆ ಅನುಮಾನ ಹಳೆಯದು. ಕೆಲವು ಸಸ್ಯಗಳಲ್ಲಿ ಈಸ್ಟ್ರೋಜನ್ನನ್ನು ಸ್ವಲ್ಪಮಟ್ಟಿಗೆ ಹೋಲುವ ವಸ್ತುಗಳಿವೆ. ಸೋಯಾದಲ್ಲಿ ಐಸೋಫ್ಲೇವೋನ್ ಜಾತಿಯ ಜೆನಿಸ್ಟೀನ್ ಮತ್ತು ಡೈಡ್ಜೀನ್ ಇವೆ. ಅಗಸಿ, ಎಳ್ಳುಗಳಲ್ಲಿ ಲಿಗ್ನಾನ್‌ಗಳಿವೆ. ಇವು ದೇಹದ ಈಸ್ಟ್ರೋಜನ್ ಕೂರುವ ಜಾಗದಲ್ಲೇ ಕೂರಬಲ್ಲವು, ಆದರೆ ಅಷ್ಟು ಬಲವಾಗಿ ಅಲ್ಲ. ಆ ಜಾಗಗಳೂ ಎರಡು ಬಗೆ, ಆಲ್ಫಾ ಮತ್ತು ಬೀಟಾ. ಪ್ರಯೋಗಾಲಯದ ಥೈರಾಯ್ಡ್ ಕ್ಯಾನ್ಸರ್ ಕೋಶಗಳಲ್ಲಿ ಆಲ್ಫಾ ಬೆಳವಣಿಗೆಗೆ ಒತ್ತು ಕೊಟ್ಟರೆ ಬೀಟಾ ತಡೆ ಹಾಕುವಂತೆ ಕಾಣುತ್ತದೆ. ಜೆನಿಸ್ಟೀನಿಗೆ ಬೀಟಾದ ಕಡೆಗೇ ಒಲವು. ಆಸಕ್ತಿ ಹುಟ್ಟಿದ್ದು ಇಲ್ಲಿಂದ.

2002ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಹೆಂಗಸರ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. ಥೈರಾಯ್ಡ್ ಕ್ಯಾನ್ಸರ್ ಬಂದ 608 ಮಂದಿ ಮತ್ತು ಬಾರದ 558 ಮಂದಿ ಏನೇನು ತಿನ್ನುತ್ತಿದ್ದರು ಎಂದು ಕೇಳಿ ಹೋಲಿಸಿದರು. ಸೋಯಾ ತಿನಿಸು ಮತ್ತು ಅಲ್ಫಾಲ್ಫಾ (ಕುದುರೆ ಮೆಂತ್ಯ) ಮೊಳಕೆ ಹೆಚ್ಚು ತಿನ್ನುತ್ತಿದ್ದವರಲ್ಲಿ ರೋಗ ಕಡಿಮೆ ಕಂಡಿತು. ಒಂದೊಂದೇ ವಸ್ತುವಿನ ಲೆಕ್ಕ ತೆಗೆದು, ಅತಿ ಹೆಚ್ಚು ಸೇವಿಸಿದ ಐದನೇ ಒಂದು ಭಾಗವನ್ನು ಅತಿ ಕಡಿಮೆ ಸೇವಿಸಿದ ಐದನೇ ಒಂದು ಭಾಗಕ್ಕೆ ಹೋಲಿಸಿದಾಗ ಡೈಡ್ಜೀನಿಗೆ 0.70, ಜೆನಿಸ್ಟೀನಿಗೆ 0.65, ಸೆಕೋಐಸೋಲಾರಿಸಿರೆಸಿನಾಲ್ ಎಂಬ ಲಿಗ್ನಾನಿಗೆ 0.56 ಅನುಪಾತ ಬಂತು. (ಹೆಸರು ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮಿನಷ್ಟು ಉದ್ದ, ಇನ್ನು ಮುಂದೆ ‘ಸೆಕೋ’ ಎನ್ನೋಣ.) ಅನುಪಾತ 1 ಬಂದರೆ ಎರಡೂ ಗುಂಪು ಸಮ, ಅದಕ್ಕಿಂತ ಕಡಿಮೆ ಬಂದರೆ ಹೆಚ್ಚು ತಿಂದವರಲ್ಲಿ ರೋಗ ಕಡಿಮೆ ಎಂದರ್ಥ. ಸೆಕೋದ ಅಂದಾಜಿನ ವ್ಯಾಪ್ತಿ 0.35ರಿಂದ 0.89, ಅಂದರೆ 1ರ ಕೆಳಗೇ ಉಳಿಯಿತು. ಸೋಯಾದ ಎರಡರ ವ್ಯಾಪ್ತಿಯ ಮೇಲ್ತುದಿ 1ನ್ನು ಮುಟ್ಟುತ್ತದೆ, ಹಾಗಾಗಿ ಅಲ್ಲಿ ಮಾತು ಸಡಿಲ. ಸೋಯಾ ಹಿಟ್ಟು ಬೆರೆಸಿದ ಪಾಶ್ಚಾತ್ಯ ತಿನಿಸುಗಳಿಂದ ವ್ಯತ್ಯಾಸವೇನೂ ಕಾಣಲಿಲ್ಲ.

ಈ ಸೆಕೋ ಅತಿ ಹೆಚ್ಚಿರುವ ಆಹಾರ ಯಾವುದೆಂದರೆ ಅಗಸಿ. ರೊಟ್ಟಿಯ ಪಕ್ಕ ದಿನಾ ಬೀಳುವ ಅದೇ ಹಿಂಡಿ, ಅಂದರೆ ಚಟ್ನಿಪುಡಿ.

ಹಿಗ್ಗುವ ಮೊದಲು ಎರಡು ಮಾತು. ಕಾಯಿಲೆ ಬಂದ ಮೇಲೆ ‘ಹಿಂದೆ ಎಷ್ಟು ತಿನ್ನುತ್ತಿದ್ದಿರಿ’ ಎಂದು ಕೇಳಿದರೆ ನೆನಪು ನೆಟ್ಟಗಿರುವುದಿಲ್ಲ. ಸೋಯಾ, ಮೊಳಕೆ ತಿನ್ನುವವರ ಉಳಿದ ಊಟ-ಬದುಕೂ ಬೇರೆಯೇ ಇರುತ್ತದೆ. ಹಾಗಾಗಿ 0.56 ಎಂಬುದನ್ನು ‘ಅಗಸಿ ನೂರಕ್ಕೆ 44ರಷ್ಟು ರಕ್ಷಣೆ ಕೊಡುತ್ತದೆ’ ಎಂದು ಓದುವುದು ತಪ್ಪು. ಇನ್ನೊಂದು, ಪ್ರಮಾಣದ ಮಾತು. ಅಗಸಿಯ 100 ಗ್ರಾಂನಲ್ಲಿ ಸುಮಾರು 300 ಮಿಲಿಗ್ರಾಂ ಲಿಗ್ನಾನ್ ಇದೆ. ಒಂದು ಚಮಚ ಹಿಂಡಿಯಲ್ಲಿ ಅಗಸಿ 4 ಗ್ರಾಂ ಎಂದರೂ ಸುಮಾರು 12 ಮಿಲಿಗ್ರಾಂ ಆಯಿತು. ಪಾಶ್ಚಾತ್ಯ ಊಟದಲ್ಲಿ ಇಡೀ ದಿನಕ್ಕೆ ಸಿಗುವುದು ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ. ಅಲ್ಲಿನ ತಟ್ಟೆಯ ಲೆಕ್ಕವನ್ನು ನಮ್ಮ ತಟ್ಟೆಗೆ ಹಾಗೇ ಹೊಂದಿಸಲು ಬರುವುದಿಲ್ಲ.

ಲಿಗ್ನಾನ್ ದೇಹಕ್ಕೆ ದಕ್ಕಬೇಕಾದರೆ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಎಂಟೆರೋಲ್ಯಾಕ್ಟೋನ್ ಎಂಬ ರೂಪಕ್ಕೆ ತಿರುಗಿಸಬೇಕು. ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಕೆಲವು ಕಾಲ ಈ ಕೆಲಸ ಕುಗ್ಗುತ್ತದೆ. ಇಡೀ ಅಗಸಿಕಾಳು ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ, ಅದರ ಸಿಪ್ಪೆ ಅಷ್ಟು ಗಟ್ಟಿ. ಹುರಿದು ಕುಟ್ಟುವ ನಮ್ಮ ಹಳೆಯ ಪದ್ಧತಿಯೇ ಸರಿ. ಹುರಿದರೆ ಇನ್ನೊಂದು ಲಾಭವಿದೆ. ಹಸಿ ಅಗಸಿಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಗ್ಲೈಕೋಸೈಡ್‌ಗಳಿವೆ. ದೇಹ ಆ ಸಯನೈಡನ್ನು ಥಯೋಸಯನೇಟ್ ಆಗಿ ಬದಲಿಸುತ್ತದೆ, ಥಯೋಸಯನೇಟ್ ಥೈರಾಯ್ಡಿನೊಳಗೆ ಅಯೋಡಿನ್ ಹೋಗುವ ದಾರಿಗೆ ಅಡ್ಡ ನಿಲ್ಲುತ್ತದೆ. ಹುರಿದಾಗ ಈ ಅಂಶ ತಗ್ಗುತ್ತದೆ. ಲಿಗ್ನಾನ್ ಮಾತ್ರ ಶಾಖವನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ.

ಹಿಂಡಿಗೆ 200 ಗ್ರಾಂ ಅಗಸಿ, 10-12 ಬ್ಯಾಡಗಿ ಮೆಣಸಿನಕಾಯಿ, ಅಷ್ಟೇ ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಿಗಿ, ಒಂದು ಹಿಡಿ ಕರಿಬೇವು, ಅಡಕಿಯಷ್ಟು ಹುಣಸಿ, ಎರಡು ಸಣ್ಣ ಚಮಚ ಉಪ್ಪು. ಅಗಸಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈ ಬಿಡದೆ ಐದಾರು ನಿಮಿಷ ಹುರಿಯಿರಿ. ಚಟಪಟ ಸದ್ದು ಜೋರಾಗಿ, ಮತ್ತೆ ಇಳಿಯತೊಡಗಿದಾಗ ಇಳಿಸಿ. ಕಪ್ಪಗಾದರೆ ಕಹಿ. ಪೂರ್ತಿ ಆರಿದ ಮೇಲೆಯೇ ಉಳಿದ ಸಾಮಾನುಗಳ ಜೊತೆ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಬಿಸಿ ಇದ್ದಾಗಲೇ ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಗಟ್ಟುತ್ತದೆ. ಅಗಸಿ ಎಣ್ಣೆ ಗಾಳಿ-ಬಿಸಿಲಿಗೆ ಬೇಗ ಕೆಡುವಂಥದ್ದು. ಪುಡಿಯಾದ ಮೇಲೆ ಇನ್ನೂ ಬೇಗ. ಹದಿನೈದು ದಿನಕ್ಕಾಗುವಷ್ಟು ಮಾತ್ರ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹಳೇ ಬಣ್ಣದ ಡಬ್ಬಿಯಂಥ ವಾಸನೆ ಬಂದರೆ ಚೆಲ್ಲಿ, ಉಳಿಸಿ ತಿನ್ನುವ ಕಂಜೂಸಿತನ ಬೇಡ. ದಿನಕ್ಕೆ ಒಂದೆರಡು ಚಮಚ ಹಿಂಡಿ ಊಟದ ಭಾಗ. ಔಷಧಿ ಎಂದು ಬಟ್ಟಲುಗಟ್ಟಲೆ ತಿನ್ನುವಂಥದ್ದಲ್ಲ.

ಸೋಯಾದ ಕಥೆ ಬೇರೆ. ಧಾರವಾಡ, ಹಾವೇರಿಯ ಹೊಲಗಳಲ್ಲಿ ಮುಂಗಾರಿಗೆ ಸೋಯಾ ಬೆಳೆಯುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತುಕ್ಕು ರೋಗ ತಾಳುವ ಡಿಎಸ್‌ಬಿ 21ರಂಥ ತಳಿಗಳನ್ನೂ ಕೊಟ್ಟಿದೆ. ಆದರೆ ಬೆಳೆ ಹೊಲದಿಂದ ನಮ್ಮ ಅಡುಗೆಮನೆಗೆ ಬರುವುದು ಹೆಚ್ಚಾಗಿ ಎಣ್ಣೆಯಾಗಿ. ಶುದ್ಧೀಕರಿಸಿದ ಎಣ್ಣೆಯಲ್ಲಿ ಐಸೋಫ್ಲೇವೋನ್ ಇರುವುದಿಲ್ಲ, ಹಾಗಾಗಿ ‘ಥೈರಾಯ್ಡ್ ಇದೆ, ಸೋಯಾ ಎಣ್ಣೆ ಬಿಟ್ಟೆ’ ಎನ್ನುವುದರಲ್ಲಿ ಹುರುಳಿಲ್ಲ. ಒಣ ಕಾಳಿನ 100 ಗ್ರಾಂನಲ್ಲಿ ಸುಮಾರು 100ರಿಂದ 200 ಮಿಲಿಗ್ರಾಂ ಇದೆ. ಗಿರಣಿಗೆ ಹತ್ತು ಕಿಲೋ ಗೋದಿಗೆ ಒಂದು ಕಿಲೋ ಸೋಯಾ ಬೆರೆಸಿ ಕೊಡುವವರಿಗೆ 100 ಗ್ರಾಂ ಹಿಟ್ಟಿನ ಚಪಾತಿಯಲ್ಲಿ ಸುಮಾರು 9-18 ಮಿಲಿಗ್ರಾಂ ಸಿಗುತ್ತದೆ. ಹಸಿ ಕಾಳನ್ನು ನೇರ ಬೀಸಿಸಬೇಡಿ. ಅದರಲ್ಲಿರುವ ಟ್ರಿಪ್ಸಿನ್ ತಡೆಯುವ ಅಂಶದಿಂದ ಹೊಟ್ಟೆ ಉಬ್ಬುತ್ತದೆ, ಹಿಟ್ಟಿಗೆ ಹಸಿ ವಾಸನೆಯೂ ಬರುತ್ತದೆ. ನೆನೆಸಿ, ಇಪ್ಪತ್ತು ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ ಆಮೇಲೆ ಕೊಡಿ.

ಜೆನಿಸ್ಟೀನ್, ಡೈಡ್ಜೀನ್‌ಗಳು ಥೈರಾಯ್ಡ್ ಹಾರ್ಮೋನ್ ತಯಾರಿಸುವ ಪೆರಾಕ್ಸಿಡೇಸ್ ಕಿಣ್ವಕ್ಕೆ ತಡೆ ಹಾಕುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಖರೆ. ಆದರೆ ಅಲ್ಲಿ ಸಾಕಷ್ಟು ಅಯೋಡಿನ್ ಇದ್ದರೆ ಅಯೋಡಿನ್ ಇವಕ್ಕೇ ಅಂಟಿಕೊಂಡು ತಡೆ ಸಡಿಲವಾಗುತ್ತದೆ. ನಿಜವಾದ ತಿರುವು ಇಲ್ಲಿದೆ: ಸೋಯಾ, ಅಗಸಿ, ಕ್ಯಾಬೀಜ, ಸಜ್ಜಿ ಯಾವುದರ ಹಿಂದೆ ಹೋದರೂ ಕೊನೆಗೆ ಬಂದು ನಿಲ್ಲುವುದು ಉಪ್ಪಿನ ಡಬ್ಬಿಯ ಮುಂದೆ.

ಸಜ್ಜಿಯನ್ನೇ ನೋಡಿ. ಅದರಲ್ಲಿ ಥೈರಾಯ್ಡಿನ ಕೆಲಸಕ್ಕೆ ತಡೆ ಹಾಕಬಲ್ಲ ವಿಟೆಕ್ಸಿನ್‌ನಂಥ ಫ್ಲೇವೋನ್‌ಗಳಿವೆ, ತವುಡಿನಲ್ಲಿ ಹೆಚ್ಚು. ಸಜ್ಜಿಯೇ ಮುಖ್ಯ ಆಹಾರವಾದ ಸುಡಾನಿನ ಡಾರ್ಫುರ್ ಪ್ರಾಂತ್ಯದಲ್ಲಿ ಗಳಗಂಡ ಹೆಚ್ಚಿದ್ದುದಕ್ಕೆ ಅಯೋಡಿನ್ ಕೊರತೆಯ ಜೊತೆ ಇದೂ ಕಾರಣ ಎಂದು 1980ರ ದಶಕದ ಸಂಶೋಧನೆಗಳು ಹೇಳಿದವು. ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಚಳಿಗಾಲದಲ್ಲಿ ವಾರಕ್ಕೆರಡು ಸಲ, ಉಳಿದಂತೆ ಜೋಳ ಎನ್ನುವ ಗದಗಿನ ಮನೆಗೂ ಡಾರ್ಫುರಿಗೂ ಹೋಲಿಕೆಯೇ ಇಲ್ಲ. ಕ್ಯಾಬೀಜ, ಹೂಕೋಸು, ಮೂಲಂಗಿಯ ವಿಷಯದಲ್ಲೂ ಇಂಥದ್ದೇ ಸಾಕ್ಷಿ. ಶಾಂತ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಹೆಂಗಸರ ಥೈರಾಯ್ಡ್ ಕ್ಯಾನ್ಸರ್ ವಿಪರೀತ. 2010ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಈ ತರಕಾರಿಗಳಿಗೂ ಕ್ಯಾನ್ಸರಿಗೂ ನಂಟು ಕಂಡದ್ದು ಅಯೋಡಿನ್ ಸೇವನೆ ದಿನಕ್ಕೆ 96 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದ ಹೆಂಗಸರಲ್ಲಿ. ಅಲ್ಲಿ ಅನುಪಾತ 1.86. ಕ್ಯಾಬೀಜ ಬೇಯಿಸಿದರೆ ಮೈರೋಸಿನೇಸ್ ಕಿಣ್ವ ಸತ್ತು, ಥೈರಾಯ್ಡಿಗೆ ತೊಡಕಾಗುವ ವಸ್ತುಗಳ ಹುಟ್ಟೂ ತಗ್ಗುತ್ತದೆ. ಪಲ್ಯ ಮಾಡಿ ತಿನ್ನಿ. ಗೋಬಿ ಮಂಚೂರಿ ಬಿಡಲು ಬೇರೆ ಬೇಕಾದಷ್ಟು ಕಾರಣಗಳಿವೆ, ಥೈರಾಯ್ಡನ್ನು ಎಳೆದು ತರಬೇಕಿಲ್ಲ.

ಈಗ ಉಪ್ಪು. ದೊಡ್ಡ ಹೆಣ್ಣುಮಕ್ಕಳಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಬಸುರಿ-ಬಾಣಂತಿಯರಿಗೆ 250. ನಮ್ಮ ದೇಶದ ನಿಯಮದಂತೆ ಅಯೋಡಿನ್ ಉಪ್ಪಿನಲ್ಲಿ ಗಿರಾಕಿಯ ಕೈಗೆ ಬರುವಾಗ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು. 15 ಪಿಪಿಎಂ ಎಂದರೆ ಒಂದು ಗ್ರಾಮಿಗೆ 15 ಮೈಕ್ರೋಗ್ರಾಂ. ಬಿಪಿಗೆ ಹೆದರಿ ದಿನಕ್ಕೆ 5 ಗ್ರಾಂ ಮಾತ್ರ ಉಪ್ಪು ತಿನ್ನುವವರಿಗೆ 75 ಸಿಕ್ಕಿತು. ಉಳಿದದ್ದು ಹಾಲು, ಮೊಸರು, ಮೊಟ್ಟೆಯಿಂದ ಬರಬೇಕು. ಅದೇ ಮನೆಗೆ ‘ಆರೋಗ್ಯಕ್ಕೆ ಒಳ್ಳೇದು’ ಎಂದು ಸೈಂಧವ ಲವಣವೋ ಅಯೋಡಿನ್ ಇಲ್ಲದ ಹರಳುಪ್ಪೋ ಬಂತೆಂದರೆ ಆ 75 ಕೂಡ ಹೋಯಿತು. ಪಾಕೀಟಿನ ಮೇಲೆ ಅಯೋಡಿನ್ ಎಂದು ಬರೆದಿದೆಯೇ ನೋಡಿ. ಒಲೆಯ ಪಕ್ಕ ತೆರೆದ ಬಟ್ಟಲಲ್ಲಿ ಇಡಬೇಡಿ, ಹಸಿ ಚಮಚ ಹಾಕಬೇಡಿ. ತೇವ, ಬಿಸಿ ಎರಡೂ ಅಯೋಡಿನ್ನಿನ ವೈರಿಗಳು. ಉಪ್ಪನ್ನು ಸಾರು ಇಳಿಸುವ ಹೊತ್ತಿಗೆ ಹಾಕಿದರೆ ನಷ್ಟ ಕಡಿಮೆ. ಹಾಗೆಂದು ಹೆಚ್ಚು ಉಪ್ಪು ತಿನ್ನುವುದು ಪರಿಹಾರವಲ್ಲ.

ಥೈರಾಯ್ಡ್ ಮಾತ್ರೆ ನುಂಗುವವರ ಗೋಜಲು ಬೇರೆ, ಇದರಲ್ಲೇ ಹೆಚ್ಚು ತಪ್ಪಾಗುವುದು. ಲೆವೊಥೈರಾಕ್ಸಿನ್ ಎಂಬ ಈ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಆಮೇಲೆ ಅರ್ಧದಿಂದ ಒಂದು ತಾಸು ಏನೂ ಬೇಡ, ಬೆಳಗಿನ ಚಹಾ ಕೂಡ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ತಾಸು ಅಂತರ. ಎದ್ದ ಕೂಡಲೇ ಬಿಸಿನೀರಿಗೆ ಅಗಸಿ ಪುಡಿ ಕಲಸಿ ಕುಡಿಯುವ ಹೊಸ ರೂಢಿ ಇಲ್ಲಿ ಕೆಲಸ ಕೆಡಿಸುತ್ತದೆ, ಅಗಸಿಯ ನಾರು-ಲೋಳೆ ಔಷಧಿ ಹೀರದಂತೆ ಮಾಡಬಲ್ಲದು. ಸೋಯಾ ಹಾಲಿಗೂ ಇದೇ ಮಾತು. ಎರಡನ್ನೂ ಮಧ್ಯಾಹ್ನಕ್ಕೆ ತಳ್ಳಿ. ಹೊಸದಾಗಿ ದಿನವೂ ತಿನ್ನಲು ಶುರು ಮಾಡಿದರೆ, ಅಥವಾ ಬಿಟ್ಟರೆ, ಆರೆಂಟು ವಾರಕ್ಕೆ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ನೋಡಿಸಿ. ಕ್ಯಾನ್ಸರಿಗೆ ಗ್ರಂಥಿ ಪೂರ್ತಿ ತೆಗೆಸಿಕೊಂಡವರಿಗಂತೂ ಇದು ಮುಖ್ಯ, ಏಕೆಂದರೆ ಕೆಲವರಲ್ಲಿ ಟಿಎಸ್‌ಎಚ್ ಬೇಕೆಂದೇ ಕೆಳಗೆ ಇಟ್ಟಿರುತ್ತಾರೆ. ಅಂಥವರಿಗೆ ‘ಕ್ಯಾಬೀಜ ಬಿಡು’ ಎನ್ನುವುದು ಮಾತ್ರ ವಿಚಿತ್ರ ಸಲಹೆ. ಗ್ರಂಥಿಯೇ ಇಲ್ಲದ ಮೇಲೆ ಅದು ತಡೆಯುವುದಾದರೂ ಏನನ್ನು?

ಥೈರಾಯ್ಡಿನ ಗಂಟು ಹುಡುಕುವುದರಲ್ಲೂ ಹದ ಬೇಕು. ದಕ್ಷಿಣ ಕೊರಿಯಾದಲ್ಲಿ ಎಲ್ಲರ ಕುತ್ತಿಗೆಗೂ ಅಲ್ಟ್ರಾಸೌಂಡ್ ಹಿಡಿದ ಪರಿಣಾಮ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ 15 ಪಟ್ಟಾಯಿತು, ಸಾವು ಮಾತ್ರ ಹೆಚ್ಚೂ ಕಡಿಮೆ ಅಷ್ಟೇ ಉಳಿಯಿತು. ಲಕ್ಷಣವಿಲ್ಲದೆ ಪ್ಯಾಕೇಜಿನ ಆಸೆಗೆ ಸ್ಕ್ಯಾನ್ ಮಾಡಿಸಬೇಡಿ. ನೀರು ನುಂಗುವಾಗ ಮೇಲೆ ಕೆಳಗೆ ಸರಿಯುವ ಗಂಟು ಕನ್ನಡಿಯಲ್ಲಿ ಕಂಡರೆ, ದನಿ ವಾರಗಟ್ಟಲೆ ಗೊಗ್ಗರಾದರೆ, ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದರೆ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೋಗಿ ತೋರಿಸಿ. ಅಲ್ಟ್ರಾಸೌಂಡ್ ನೋಡಿ, ಬೇಕಾದರೆ ಮಾತ್ರ ಸೂಜಿ ಪರೀಕ್ಷೆ. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ.

ಅಯೋಡಿನ್ ಇಲ್ಲದ ಉಪ್ಪಿಗೆ ನ್ಯಾಯವಾಗಿ ಜಾಗವಿರುವುದು ಒಂದೇ ಕಡೆ. ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಅಯೋಡಿನ್ ಕೊಡುವ ಮೊದಲು ಒಂದೆರಡು ವಾರ ಅಯೋಡಿನ್ ದಿನಕ್ಕೆ 50 ಮೈಕ್ರೋಗ್ರಾಂ ದಾಟಬಾರದು. ಆಗ ಅಯೋಡಿನ್ ಉಪ್ಪು, ಹಾಲು, ಮೊಸರು, ಮೊಟ್ಟೆಯ ಹಳದಿ, ಸಮುದ್ರದ ಮೀನು, ಬೇಕರಿ ತಿನಿಸು ಎಲ್ಲ ಬಂದ್. ಸೋಯಾ ಕೂಡ ಬೇಡ. ನೋಡಲು ಬಂದ ನೆಂಟರು ತಂದ ಧಾರವಾಡ ಪೇಡಾ ಹಾಲಿನದೇ ಆದ್ದರಿಂದ ಅದನ್ನೂ ಮನೆಮಂದಿಗೆ ಹಂಚಿಬಿಡಿ. ಜೋಳದ ರೊಟ್ಟಿ, ಅನ್ನ, ತರಕಾರಿ ಪಲ್ಯ, ಉಪ್ಪಿಲ್ಲದ ಶೇಂಗಾ ಧಾರಾಳವಾಗಿ ನಡೆಯುತ್ತವೆ. ಯಾವ ಉಪ್ಪು ಎಂದು ಆಸ್ಪತ್ರೆಯಲ್ಲೇ ಕೇಳಿಕೊಂಡು, ಅದನ್ನೇ ಹಾಕಿ ಅಗಸಿ ಹಿಂಡಿ ಬೇರೆಯಾಗಿ ಕುಟ್ಟಿಡಿ. ಡಬ್ಬಿಯ ಮೇಲೆ ಚೀಟಿ ಅಂಟಿಸುವುದನ್ನು ಮರೆಯಬೇಡಿ. ಎರಡೂ ಹಿಂಡಿ ಕಣ್ಣಿಗೆ ಒಂದೇ ಥರ ಕಾಣುತ್ತವೆ.