ಬಿಗಿ ಮಾಡಿದಷ್ಟೂ ಗಾಳಿ

ಗಣಂಗೂರು ದಾಟಿ ಎರಡು ಕಿಲೋಮೀಟರ್ ಹೋಗಿರಬಹುದು. ಹಿಂದಿನ ಚಕ್ರ ಕಿರ್ರ್ ಅಂದು ನಿಂತೇಬಿಟ್ಟಿತು. ಕೈ ತಾನಾಗಿ ಕ್ಲಚ್ ಹಿಡಿದದ್ದು ಪುಣ್ಯ, ಇಲ್ಲದಿದ್ದರೆ ಸೀದಾ ಕಬ್ಬಿನ ಗದ್ದೆಗೆ ಇಳಿಯುತ್ತಿದ್ದೆ. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಹೈವೇಯ ಮುಖ್ಯ ದಾರಿಗೆ ಬೈಕು ಬಿಡುವುದಿಲ್ಲ ಅಂತ ಎಷ್ಟೋ ಸಲ ಗೊಣಗಿದ್ದೇನೆ. ಅವತ್ತು ಸರ್ವಿಸ್ ರೋಡಿನಲ್ಲಿದ್ದದ್ದೇ ಒಳ್ಳೆಯದಾಯಿತು.

ಬೈಕು ಅಪ್ಪನದು, 1969ರ ಜಾವಾ. ಎಂಜಿನ್ ಕೈ ಇಡಲಾರದಷ್ಟು ಕಾದಿತ್ತು, ಪಿಸ್ಟನ್ ಹಿಡಿದುಕೊಂಡಿತ್ತು. ಹುಣಸೆಮರದ ನೆರಳಲ್ಲಿ ಒಂದು ಗಂಟೆ ಕೂತೆ. ತಣ್ಣಗಾದ ಮೇಲೆ ಗೇರ್ ಲಿವರನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆದೆ. ಜಾವಾದಲ್ಲಿ ಎರಡಕ್ಕೂ ಅದೊಂದೇ ಲಿವರ್. ಮೂರನೇ ಸಲಕ್ಕೆ ಎದ್ದಿತು. ಚೋಕ್ ಅರ್ಧ ಎಳೆದುಕೊಂಡು, ಮೂವತ್ತರ ಮೇಲೆ ಹೋಗದೆ, ಮೈಸೂರು ಸೇರಿದೆ.

ಇದರ ಹಿಂದೆ ಎಂಟು ತಿಂಗಳ ಕಥೆ ಇದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಜಿಕೋವ್ ಕಾರ್ಬೊರೇಟರ್ ಸವೆದಿದೆ ಅಂತ ಬೇರೆ ತರದ್ದೊಂದು ತಂದು ಹಾಕಿದ್ದೆ. ಅದು ನೇರವಾಗಿ ಕೂರುವುದಿಲ್ಲ, ಅದಕ್ಕೂ ಎಂಜಿನ್ನಿಗೂ ನಡುವೆ ಮ್ಯಾನಿಫೋಲ್ಡ್ ಅನ್ನುವ ಗಿಡ್ಡ ಕೊಳವೆ ಬೇಕು. ಮೊದಲು ರಬ್ಬರಿನದು ಹಾಕಿದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಜಾಸ್ತಿ, ಅಗ್ಗದ ರಬ್ಬರ್ ಅದಕ್ಕೆ ತಡೆಯಲ್ಲ. ಆರು ತಿಂಗಳಿಗೆ ಊದಿಕೊಂಡು ಬಿರುಕು ಬಿಟ್ಟಿತು. ಆಮೇಲೆ ಲೇತಿನಲ್ಲಿ ಗಟ್ಟಿ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಮಾಡಿಸಿದೆ, 900 ರೂಪಾಯಿ. ನೋಡಲು ಬೆಳ್ಳಿ ಲೋಟದ ಹಾಗಿತ್ತು. ಅಂದಿನಿಂದ ಐಡ್ಲಿಂಗ್ ಕೆಟ್ಟಿತು. ಆಕ್ಸಿಲರೇಟರ್ ಬಿಟ್ಟರೂ ರೇಸ್ ತಕ್ಷಣ ಇಳಿಯದು. ಪ್ಲಗ್ ಬಿಚ್ಚಿದರೆ ತುದಿ ಸುಣ್ಣ ಬಳಿದಷ್ಟು ಬಿಳಿ, ಪೆಟ್ರೋಲ್ ಸಾಲದ ಗುರುತು. ಕಾರ್ಬೊರೇಟರ್ ಮೂರು ಸಲ ಬಿಚ್ಚಿದೆ, ಪೆಟ್ರೋಲ್ ಬಿಡುವ ಜೆಟ್ ಬದಲಿಸಿದೆ. ಗಾಳಿ ಎಳೀತಿದೆಯೇನೋ ಅನಿಸಿದಾಗೆಲ್ಲ ಕೆಂಪು ಸಿಲಿಕೋನ್ ಮೆತ್ತಿ, ನಟ್ಟುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ.

ಮೈಸೂರಿನ ಯಾದವಗಿರಿಯ ಸಂದಿಯೊಂದರಲ್ಲಿ ಒಬ್ಬ ಯಜಮಾನರಿದ್ದಾರೆ. ಅಲ್ಲೇ ಇದ್ದ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ದುಡಿದವರು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಮನೆ ಮುಂದಿನ ಶೆಡ್ಡೇ ಅವರ ಫ್ಯಾಕ್ಟರಿ. ನಾನು ಕಾರ್ಬೊರೇಟರಿನ ದೂರು ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಸ್ಟಾರ್ಟ್ ಮಾಡಿಸಿ, ಬ್ರಷ್ಷಿನಲ್ಲಿ ಒಂದಿಷ್ಟು ಗಟ್ಟಿ ಆಯಿಲ್ ಅದ್ದಿ ಮ್ಯಾನಿಫೋಲ್ಡಿನ ಸಂದಿಗೆ ಸವರಿದರು. ಬೊಬ್ಬೆ ಹೊಡೆಯುತ್ತಿದ್ದ ಎಂಜಿನ್ ಸಟ್ಟನೆ ತಣ್ಣಗಾಗಿ ಡುಗ್ ಡುಗ್ ಅಂತು. ನಾಲ್ಕು ಸೆಕೆಂಡು ಅಷ್ಟೆ. ಆಯಿಲ್ ಒಳಗೆ ಎಳೆದುಕೊಂಡ ಮೇಲೆ ಮತ್ತೆ ಅದೇ ಬೊಬ್ಬೆ.

"ಪಾಪ, ಕಾರ್ಬೊರೇಟರ್ ಏನ್ ಮಾಡ್ತದಪ್ಪಾ? ಇಲ್ಲಿ ಗಾಳಿ ಕುಡೀತಾ ಅದೆ."

ಕೆಲವರು ಊದುಬತ್ತಿ ಹೊಗೆ ಹಿಡಿದು ನೋಡ್ತಾರಂತಲ್ಲ ಅಂದೆ. "ಪೆಟ್ರೋಲ್ ಪಕ್ಕದಲ್ಲಾ? ಹೋಮಾನೇ ಮಾಡ್ಬುಡಿ" ಅಂದರು.

ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇದು ಯಾಕೆ ಅಪಾಯ ಅಂತ ಅವತ್ತು ತಲೆಗೆ ಹೋಯಿತು. ನಾವು ಲೀಟರಿಗೆ 40 ಮಿಲಿ ಆಯಿಲ್ ಬೆರೆಸುವುದು ಪೆಟ್ರೋಲಿಗೆ. ಪಿಸ್ಟನ್ನಿಗೆ ಜಿಡ್ಡು ಸಿಗುವುದು ಅದರಿಂದಲೇ. ಕಾರ್ಬೊರೇಟರ್ ದಾಟಿದ ಮೇಲೆ ಸಂದಿಯಿಂದ ನುಗ್ಗುವ ಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಬಿಸಿ ಏರುತ್ತದೆ, ಜಿಡ್ಡು ಇಳಿಯುತ್ತದೆ. ಬೋರ್, ಅಂದರೆ ಸಿಲಿಂಡರ್, ಬಿಚ್ಚಿದಾಗ ಪಿಸ್ಟನ್ ಮೇಲೆ ಎರಡು ಗೀರು ಇದ್ದವು. ಹೊಸ ಪಿಸ್ಟನ್ ಬೇಕಾಗಲಿಲ್ಲ, ಬಚಾವಾದೆ.

ನನ್ನ ಬೆಳ್ಳಿ ಲೋಟ ಬಿಚ್ಚಿದರು. ಸಿಲಿಕೋನ್ ಪೆಟ್ರೋಲಿಗೆ ನೆಂದು, ಹಲಸಿನ ಹಣ್ಣಿನ ನಾರಿನ ಹಾಗೆ ಒಳಗೆ ಜೋತಾಡುತ್ತಿತ್ತು. "ಇದ್ರಲ್ಲೊಂದು ಚೂರು ಕಿತ್ಕೊಂಡು ಒಳಕ್ಕೆ ಹೋಗಿದ್ರೆ?" ಅಂದರು. ನಾನು ಉತ್ತರ ಕೊಡಲಿಲ್ಲ.

ಆಮೇಲೆ ಫ್ಲೇಂಜಿನ, ಅಂದರೆ ಅದು ಸಿಲಿಂಡರಿಗೆ ಕೂರುವ ಚಪ್ಪಟೆ ಅಂಚಿನ, ಮುಖಕ್ಕೆ ಕಪ್ಪು ಮಾರ್ಕರ್ ಬಳಿದರು. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಅದರ ಮೇಲೆ 8 ಬರೆದ ಹಾಗೆ ನಾಲ್ಕು ಸಲ ಉಜ್ಜಿ ನನ್ನ ಕೈಗಿಟ್ಟರು. ಬೋಲ್ಟು ಕೂರುವ ಸ್ಟಡ್ ತೂತುಗಳ ಸುತ್ತ ಎರಡು ಕಿವಿಗಳು ಮಾತ್ರ ಫಳಫಳ. ನಡುವೆ, ಗಾಳಿ ಹೋಗುವ ತೂತಿನ ಸುತ್ತ, ಕಪ್ಪು ಹಾಗೇ ಇತ್ತು. ನಾನು ಬಿಗಿ ಮಾಡಿದಷ್ಟೂ ಕಿವಿಗಳು ಮುಂದಕ್ಕೆ ಬಾಗಿ, ನಡು ಹಿಂದಕ್ಕೆ ಸರಿದಿತ್ತು. ಅಷ್ಟು ದಿನ ಗಾಳಿಗೆ ದಾರಿ ಮಾಡಿಕೊಟ್ಟವನು ನಾನೇ.

ಹಾಗಾದರೆ ಇದನ್ನೇ ಉಜ್ಜಿ ಸಮ ಮಾಡಬಹುದಲ್ವಾ ಅಂದೆ. ಬೆರಳು ಹಾಕಿ ನೋಡು ಅಂದರು. ಒಳತೂತು ಸಿಲಿಂಡರಿನ ಪೋರ್ಟಿಗಿಂತ, ಅಂದರೆ ಗಾಳಿ ಒಳಹೋಗುವ ಬಾಯಿಗಿಂತ, ಎರಡು ಮಿಲಿಮೀಟರ್ ಚಿಕ್ಕದು. ಸೇರುವಲ್ಲಿ ಮೆಟ್ಟಿಲು. ಅಲ್ಲದೆ ಪೂರ್ತಿ ಅಲ್ಯೂಮಿನಿಯಂ ಆದ್ದರಿಂದ ಸಿಲಿಂಡರಿನ ಬಿಸಿ ನೇರ ಕಾರ್ಬೊರೇಟರಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಪೆಟ್ರೋಲ್ ಅಲ್ಲೇ ಕುದಿಯುತ್ತದೆ. ಜಿಕೋವ್ ಬಿಚ್ಚಿದಾಗ ಸಿಕ್ಕಿದ್ದ ಕಂದು ಬಿಲ್ಲೆಯನ್ನು ಏನೋ ಹಳೇ ಕಸ ಅಂತ ಎಸೆದಿದ್ದೆ. ಬಿಸಿ ತಡೆಯಲು ಇದ್ದ ಹೈಲಮ್ ಅದು.

ಬಿಸ್ಕತ್ತಿನ ಡಬ್ಬಿ ಸುರಿದು ಒಂದು ಗಿಡ್ಡ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಆರಿಸಿದರು. ಅಂದ ಚೆಂದ ಏನೂ ಇಲ್ಲ. ಪೋರ್ಟಿಗೆ ಹಿಡಿದರೆ ಬೆರಳಿಗೆ ಎಲ್ಲೂ ತಡೆಯುತ್ತಿರಲಿಲ್ಲ. ಮುಖ ಉಜ್ಜುವ ಕೆಲಸ ನನಗೆ ಕೊಟ್ಟರು, ಕಪ್ಪು ಪೂರ್ತಿ ಹೋಗಲು ಅರ್ಧ ಗಂಟೆ ಹಿಡಿಯಿತು. ಹೊಸ ಹೈಲಮ್, ಅದರ ಎರಡೂ ಕಡೆ ಅರ್ಧ ಮಿಲಿಮೀಟರ್ ದಪ್ಪದ ಪೇಪರ್ ಪ್ಯಾಕಿಂಗ್. ಪ್ಯಾಕಿಂಗನ್ನು ಫ್ಲೇಂಜಿನ ಮೇಲಿಟ್ಟು ಸುತ್ತಿಗೆಯಲ್ಲಿ ಅಂಚು ತಟ್ಟಿ ತಟ್ಟಿ ಕತ್ತರಿಸಿದರು, ಒಳತೂತಿಗೆ ಒಂದು ಎಳೆಯೂ ಚಾಚದ ಹಾಗೆ. ಸಿಲಿಕೋನ್ ಇಲ್ಲ. ಸ್ಪ್ಯಾನರನ್ನು ಬುಡದಲ್ಲಿ ಎರಡೇ ಬೆರಳಲ್ಲಿ ಹಿಡಿದು, ಆ ಕಡೆ ಅರ್ಧ ಸುತ್ತು, ಈ ಕಡೆ ಅರ್ಧ ಸುತ್ತು. ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿ ಒಂದಿಷ್ಟು ಬಿಗಿಯಾಯಿತು, ನಿಲ್ಲಿಸಿದರು. ಇನ್ನೊಂಚೂರು ಅಂತ ನನ್ನ ಕೈ ತುರಿಸಿತು.

ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ ಎಣಿಸಬಹುದು ಅನ್ನುವಷ್ಟು ನಿಧಾನ. ಮತ್ತೆ ಆಯಿಲ್ ಸವರಿದರು, ಸದ್ದು ಬದಲಾಗಲಿಲ್ಲ. ನನ್ನ ಬ್ಯಾಗಿನಲ್ಲಿ ಉಳಿದಿದ್ದ ಅರ್ಧ ಟ್ಯೂಬ್ ಸಿಲಿಕೋನನ್ನು ಅವರೇ ಇಟ್ಟುಕೊಂಡರು, ಬಚ್ಚಲಿನ ಸಿಂಕಿಗೆ ಬರ್ತದೆ ಅಂತ.

ಲೇತಿನ ಮ್ಯಾನಿಫೋಲ್ಡ್ ಈಗ ನಮ್ಮ ದೇವರ ಮನೆಯಲ್ಲಿದೆ. ಐದಾರು ಊದುಬತ್ತಿ ಒಟ್ಟಿಗೆ ಸೇರಿಸಿದರೆ ಸ್ಟಡ್ ತೂತಿಗೆ ಸರಿಯಾಗಿ ಕೂರುತ್ತವೆ ಅಂತಾಳೆ ನನ್ನ ಹೆಂಡತಿ.