ಎಸ್‌ಒಪಿ ಬಿಡ್ತೀಯಾ? ಯಾವ ಸಾಲು, ಯಾಕೆ?

ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ಹಾರಿಸೋದನ್ನ ಕಲಿಸೋದು ನನ್ನ ಕೆಲಸ. "ಸರ್, ಎಸ್‌ಒಪಿ ಯಾವಾಗ ಬಿಡಬಹುದ್ರಿ?" ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಸ್‌ಒಪಿ ಅಂದರೆ ಯಾವ ಕೆಲಸ ಹೇಗೆ, ಯಾವ ಕ್ರಮದಲ್ಲಿ ಮಾಡಬೇಕು ಅಂತ ಬರೆದಿಟ್ಟ ನಿಯಮ. ಸುರಕ್ಷತೆಗೆ ಬೇರೆ ದಾರಿಯೇ ಇಲ್ಲ ಅಂದಾಗ ನಿಯಮ ಮೀರುವ ಅಧಿಕಾರ ಪೈಲಟ್‌ಗೆ ಇದ್ದೇ ಇದೆ. ಅದು ಎಲ್ಲರಿಗೂ ಬಾಯಿಪಾಠ. ನಾನು ಮರಳಿ ಕೇಳೋದು ಬೇರೆ: ಯಾವ ಸಾಲು ಬಿಡ್ತೀಯಾ, ಅದು ಇವತ್ತು ಯಾಕೆ ಹೊಂದಲ್ಲ?

2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ಬಡಿದು ಒಂದು ಎ320 ಪ್ರಯಾಣಿಕ ವಿಮಾನದ ಎರಡೂ ಎಂಜಿನ್ ಕೈಕೊಟ್ಟವು. ಎತ್ತರ 3,000 ಅಡಿಯೂ ಇರಲಿಲ್ಲ. ಅವರ ಚೆಕ್‌ಲಿಸ್ಟ್ ಬರೆದದ್ದೋ, 20,000 ಅಡಿ ಮೇಲೆ ಎಂಜಿನ್ ಹೋದರೆ ಅಂತ. ಬಾಲದಲ್ಲಿರುವ ಸಣ್ಣ ಎಂಜಿನ್, ಅಂದರೆ ಎಪಿಯು, ಚಾಲೂ ಮಾಡೋ ಸಾಲು ಅದರಲ್ಲಿ ಎಷ್ಟೋ ಕೆಳಗಿತ್ತು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಅದನ್ನ ಮೊದಲೇ ಆನ್ ಮಾಡಿದರು. ಕರೆಂಟ್ ಉಳಿಯಿತು. ಎಲ್ಲರೂ ಇಷ್ಟನ್ನೇ ಹೇಳ್ತಾರೆ. ಪಕ್ಕದಲ್ಲಿದ್ದ ಕೋ-ಪೈಲಟ್ ಸ್ಕೈಲ್ಸ್ ಅದೇ ಚೆಕ್‌ಲಿಸ್ಟ್ ಹಿಡಿದು ಎಂಜಿನ್ ಎಬ್ಬಿಸಲು ನೋಡ್ತಾನೇ ಇದ್ದರು ಅನ್ನೋದನ್ನ ಮರೀತಾರೆ. 155 ಜನರೂ ಬದುಕಿದರು.

ಮರುವರ್ಷ ಮೇ 22ರಂದು ಮಂಗಳೂರಿನಲ್ಲಿ ಆದದ್ದು ಇದರ ತದ್ವಿರುದ್ಧ. ಇಳಿಯೋ ಹೊತ್ತಿಗೆ ವಿಮಾನ ತೀರಾ ಎತ್ತರದಲ್ಲಿತ್ತು, ಕೋ-ಪೈಲಟ್ ಗೋ-ಅರೌಂಡ್, ಅಂದರೆ ಇಳಿಸದೆ ಮತ್ತೆ ಮೇಲಕ್ಕೇರಿ, ಅಂತ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿದರು. 158 ಜನ ಹೋದರು. ಅಲ್ಲಿ ಎಸ್‌ಒಪಿಯ ಸಾಲು ಸರಿಯಾಗೇ ಇತ್ತು, ಪಾಲಿಸಲಿಲ್ಲ ಅಷ್ಟೇ.

ನಮ್ಮದು ಸಣ್ಣ ವಿಮಾನ, ಸಣ್ಣ ಗಂಡಾಂತರ. ಮೊನ್ನೆ ಮಳೆಗಾಲದಲ್ಲಿ ಅಥಣಿ ಕಡೆಯ ಹುಡುಗಿಯೊಬ್ಬಳು ಟೇಕಾಫ್ ಮಾಡಿದ ಕೂಡಲೇ ಸೆಸ್ನಾದ ಬಾಗಿಲು ಟಪ್ ಅಂತ ತೆರೆಯಿತು. ಗಾಳಿಯ ಸದ್ದಿಗೆ ಮಾತೇ ಕೇಳಿಸದು. ಇಂಥಾ ಹೊತ್ತಲ್ಲಿ ಕೈ ತಾನಾಗಿ ಬಾಗಿಲಿಗೆ ಹೋಗುತ್ತೆ, ಮೂಗು ಮೇಲೇಳುತ್ತೆ, ಸ್ಪೀಡ್ ಬೀಳುತ್ತೆ. ಅಪಾಯ ಇರೋದು ಅಲ್ಲಿ, ಬಾಗಿಲಲ್ಲಲ್ಲ. ಅವಳು ಕಣ್ಣು ಸ್ಪೀಡ್ ಮೇಲಿಟ್ಟೇ ಕೂಗಿದಳು: "ಡೋರ್ ತೆರದೈತ್ರಿ ಸರ್. ಟೇಕಾಫ್ ನಂತರದ ಚೆಕ್ ಆಮ್ಯಾಲೆ, ಮೇಲೆ ಹೋಗಿ ಮಾಡ್ತೀನ್ರಿ." ಬಿಟ್ಟ ಸಾಲೂ ಹೇಳಿದಳು, ಮತ್ತೆ ಯಾವಾಗ ಹಿಡಿತೀನಿ ಅಂತಲೂ ಹೇಳಿದಳು. ಸರ್ಕ್ಯೂಟ್, ಅಂದರೆ ರನ್‌ವೇ ಸುತ್ತ ಒಂದು ಸುತ್ತು, ಹಾಕಿ ಇಳಿಸಿದಳು.

ಇಳಿದ ಮೇಲೆ ಬರೆದು ಕೊಡು ಅಂದೆ. ಸುಮ್ನೆ ಕಾಗದ ಅಂತ ಮುಖ ಸಿಂಡರಿಸಿದಳು ಅನ್ನಿ. ಅದನ್ನ ಓದಿದ ಎಂಜಿನಿಯರ್ ಆ ಬಾಗಿಲ ಚಿಲಕ ಸವೆದದ್ದನ್ನ ಕಂಡು ಸಂಜೆಯೊಳಗೆ ಬದಲಿಸಿದರು.